ಗಾಳಿ ಒಯ್ಯಿರಿ, ನೀರು ಮುಟ್ಟಬೇಡಿ: ಸಚಿವ ಪ್ರಲ್ಹಾದ ಜೋಶಿಯವರಿಗೆ ಬಹಿರಂಗ ಪತ್ರ

ಮಾನ್ಯ ಜೋಶಿಯವರೇ, ನಮಸ್ಕಾರ.

ನಾನು ನಿಮ್ಮ ಮತದಾರನಲ್ಲ. ನಮ್ಮ ತಾಲ್ಲೂಕು ಗದಗ ಜಿಲ್ಲೆಯದಾದರೂ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಆದರೆ ನವೀಕರಿಸಬಹುದಾದ ಇಂಧನದ ಖಾತೆ ನಿಮ್ಮ ಕೈಯಲ್ಲಿದೆ. ಹುಬ್ಬಳ್ಳಿಯವರಾದ ನಿಮಗೆ ಆಷಾಢದಲ್ಲಿ ಕಪ್ಪತಗುಡ್ಡದ ಗಾಳಿ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಬರೆಯುತ್ತಿರುವುದು ಹಡಗಿನ ವಿಚಾರ. ಸಮುದ್ರವಿಲ್ಲದ ಊರಿನವನಿಗೆ ಈ ಉಸಾಬರಿ ಯಾಕೆ ಅಂತೀರಾ?

ಬ್ಯಾಡಗಿ ಮೆಣಸಿನಕಾಯಿ, ಅದರಿಂದ ತೆಗೆದ ಬಣ್ಣ ಹೊರದೇಶಕ್ಕೆ ಹೋಗುವುದು ಹಡಗಿನಲ್ಲಿ. ಬಹುಪಾಲು ಹಡಗುಗಳು ಉರಿಸುವುದು ಡಾಂಬರಿನಂಥ ಎಣ್ಣೆ, ಬಿಸಿ ಮಾಡದೆ ಪೈಪಿನಲ್ಲಿ ಸರಿಯಾಗಿ ಹರಿಯದು. ಜಗತ್ತಿನ ಹಸಿರುಮನೆ ಅನಿಲದಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳದ್ದು. 2050ರ ಸುಮಾರಿಗೆ ಅದನ್ನು ನಿವ್ವಳ ಸೊನ್ನೆಗೆ ಇಳಿಸುವ ಗುರಿಯನ್ನು ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಒಪ್ಪಿತು. ಅದರ ನಿಯಮಗಳ ಮೇಲಿನ ತೀರ್ಮಾನವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿದರು. ಯುರೋಪು ಕಾಯಲಿಲ್ಲ. 2024ರಿಂದಲೇ ತನ್ನ ಬಂದರಿಗೆ ಬರುವ ದೊಡ್ಡ ಹಡಗುಗಳ ಹೊಗೆಗೆ ಬೆಲೆ ಕಟ್ಟಿದೆ. ಆ ಖರ್ಚು ಸಾಗಣೆ ದರದಲ್ಲಿ ಸೇರುತ್ತದೆ. ಕೊನೆಗೆ ಯಾರ ಪಟ್ಟಿಯಲ್ಲಿ ಮುರಿದುಕೊಳ್ಳುತ್ತಾರೆ ಅನ್ನುವುದು ಮಾರುಕಟ್ಟೆಯಲ್ಲಿ ಚೀಲ ಇಳಿಸಿದವರಿಗೆಲ್ಲ ಗೊತ್ತು.

ಕೊಚ್ಚಿಯಲ್ಲಿ ಬ್ಯಾಟರಿ ದೋಣಿ ಓಡುತ್ತಿವೆ, ಸಂತೋಷ. ವಾರಗಟ್ಟಲೆ ಕಡಲಲ್ಲೇ ಇರುವ ಸರಕು ಹಡಗಿಗೆ ಅದು ಸಾಲದು. ಅದಕ್ಕೇ ಎಣ್ಣೆಯ ಬದಲು ಉರಿಸಲು ಹಸಿರು ಅಮೋನಿಯಾದ ಮಾತು ಬಂದಿದೆ: ಗಾಳಿ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವುದು, ಅದಕ್ಕೆ ಸಾರಜನಕ ಕೂಡಿಸುವುದು. ಇದು ವಿಷಾನಿಲ, ಟ್ಯಾಂಕೂ ಎಣ್ಣೆಯದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು ಬೇಕು, ಹುಡುಗಾಟದ ಕೆಲಸವಲ್ಲ. ಆದರೆ ನವಮಂಗಳೂರು ಬಂದರಿನ ಮಗ್ಗುಲಲ್ಲೇ, ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ, ಅಮೋನಿಯಾದಲ್ಲಿ ದಶಕಗಳಿಂದ ಪಳಗಿದ ಕೈಗಳಿವೆ. ಹಾಗಿದ್ದೂ ನಿಮ್ಮ ಇಲಾಖೆ 2025ರಲ್ಲಿ ಹಸಿರು ಹೈಡ್ರೋಜನ್ ಹಬ್ ಎಂದು ಗುರುತಿಸಿದ್ದು ಕಾಂಡ್ಲಾ, ತೂತ್ತುಕುಡಿ, ಪಾರಾದೀಪ ಬಂದರುಗಳನ್ನು. ನಮ್ಮದನ್ನೂ ಸೇರಿಸಿ. ದಶಕಗಳಿಂದ ನೆನೆಗುದಿಗೆ ಬಿದ್ದ ಹುಬ್ಬಳ್ಳಿ–ಅಂಕೋಲಾ ರೈಲಿನ ವಿಷಯ ನಾನಿಲ್ಲಿ ಎತ್ತುವುದಿಲ್ಲ, ಎತ್ತಿದರೆ ಪತ್ರ ಮುಗಿಯುವುದಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. 1 ಕಿಲೋ ಹೈಡ್ರೋಜನ್ನಿಗೆ ಕನಿಷ್ಠ 9 ಲೀಟರ್ ಶುದ್ಧ ನೀರು ಬೇಕು. ಗಾಳಿ ಇಲ್ಲೇ ಇದೆಯಲ್ಲ, ಕಾರ್ಖಾನೆಯನ್ನೂ ಇಲ್ಲೇ ಹಾಕಿ ತುಂಗಭದ್ರೆಗೆ ಪೈಪು ಬಿಡೋಣ ಅಂತ ಯಾರಿಗಾದರೂ ಹೊಳೆದೀತು. ಹೊಳೆ ಪಕ್ಕದಲ್ಲಿದ್ದರೂ ಬೇಸಿಗೆಯಲ್ಲಿ ನಳ ಬಂದ ದಿನ ಮನೆಮಂದಿಯೆಲ್ಲ ಕೆಲಸ ಬಿಟ್ಟು ಕೊಡ, ಬಕೀಟು, ಡ್ರಮ್ಮು ತುಂಬಿಸಿಕೊಳ್ಳುವ ಜಿಲ್ಲೆ ನಮ್ಮದು. ಕರೆಂಟು ತಂತಿ ಮೇಲೆ ಘಟ್ಟ ಇಳಿಯಲಿ, ಕಾರ್ಖಾನೆ ಕರಾವಳಿಯಲ್ಲೇ ಇರಲಿ. ಸಮುದ್ರದ ನೀರಿನ ಉಪ್ಪು ತೆಗೆಯುವ ಖರ್ಚು ಹೈಡ್ರೋಜನ್ನಿನ ಒಟ್ಟು ಬೆಲೆಯಲ್ಲಿ ತೀರಾ ಸಣ್ಣದು. ದುಬಾರಿ ಬೀಳುವುದು ಕರೆಂಟು ಮತ್ತು ಯಂತ್ರ.

ಗದಗ ಸೀಮೆಯ ಗಾಳಿ ಕರೆಂಟನ್ನು ಈ ಕೆಲಸಕ್ಕೆ ಕೊಳ್ಳುವಾಗ, ಹೊಳೆಯ ನೀರು ಮುಟ್ಟಕೂಡದು ಎಂಬ ಷರತ್ತನ್ನು ಟೆಂಡರಿನಲ್ಲೇ ಬರೆಸಿ. ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಪತ್ರಕರ್ತರ ಎದುರು ಇದಕ್ಕೆ ಹೌದೋ ಅಲ್ಲವೋ ಹೇಳಿ.

ಇಂತಿ,
ಮುಂಡರಗಿ ತಾಲ್ಲೂಕಿನ ಒಬ್ಬ ಮೆಣಸಿನಕಾಯಿ ಬೆಳೆಗಾರ