ಹಿಮ್ಮಡಿಗೆ ಚುಚ್ಚಿದ ಆ ಕೈಗೆ

ಸಿಸ್ಟರ್, ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ಹೆರಿಗೆಯಾಗಿ ಎರಡು ದಿನ ಆಗಿತ್ತು. ಮಗಳು ಆಗಷ್ಟೇ ನಿದ್ದೆಗೆ ಜಾರಿದ್ದಳು. ನೀವು ಬಂದು ಅವಳ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದಿರಿ. ರಕ್ತಪರೀಕ್ಷೆಗೆಂದು ಹಿಮ್ಮಡಿಯ ಬದಿಗೆ ಚುಚ್ಚಿದಿರಿ. ದಪ್ಪ ಕಾಗದದ ಮೇಲಿನ ವೃತ್ತಗಳು ಒಂದೊಂದಾಗಿ ಕೆಂಪಾದವು. ಮಗು ಕಿರುಚಿದಾಗ ನನಗೆ ಸಿಟ್ಟೇ ಬಂತು.

"ಚೆನ್ನಾಗೇ ಇದ್ದಾಳಲ್ಲ, ಸುಮ್ನೆ ಯಾಕೆ?" ಅಂದೆ.

"ಚೆನ್ನಾಗಿರುವಾಗಲೇ ನೋಡ್ಬೇಕಮ್ಮ. ಲಕ್ಷಣ ಕಾಣಿಸೋ ಹೊತ್ತಿಗೆ ತಡವಾಗಿರುತ್ತೆ."

ನಿನ್ನೆಯೇ ಯಾಕೆ ಮಾಡಲಿಲ್ಲ ಅಂತಲೂ ಕೇಳಿದೆ. ಬೇಸರಿಸದೆ ಹೇಳಿದಿರಿ: ಹುಟ್ಟಿದ ದಿನ ಟಿಎಸ್‌ಎಚ್ (ಕತ್ತಿನ ಥೈರಾಯ್ಡ್ ಗ್ರಂಥಿಯಿಂದ ಕೆಲಸ ಮಾಡಿಸುವ ಹಾರ್ಮೋನ್) ತಾನಾಗಿಯೇ ಏರಿರುತ್ತೆ, ಆಗ ನೋಡಿದರೆ ಇಲ್ಲದ ಗಾಬರಿ ಜಾಸ್ತಿ.

ಆಮೇಲೆ ಫೋನ್ ಬಂತು. ಥೈರಾಯ್ಡ್ ಹಾರ್ಮೋನ್ ಸಾಲುತ್ತಿಲ್ಲ. ಇಬ್ಬರ ಮನೆಯಲ್ಲೂ ಯಾರಿಗೂ ಇರಲಿಲ್ಲ, ಆದರೂ ಬಂದಿತ್ತು. ಮತ್ತೆ ರಕ್ತ ತೆಗೆದು ಖಚಿತ ಮಾಡಿಕೊಂಡರು. ಎರಡು ವಾರ ತುಂಬುವ ಮೊದಲೇ ಆ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಶುರುವಾಯಿತು. ಮಾತ್ರೆಯನ್ನು ಎರಡು ಚಮಚಗಳ ನಡುವೆ ಪುಡಿ ಮಾಡಿ, ನಾಲ್ಕು ಹನಿ ಎದೆಹಾಲಲ್ಲಿ ಕಲಸುವುದನ್ನೂ ನೀವೇ ತೋರಿಸಿದಿರಿ. ಬಾಟಲಿ ತುಂಬಾ ಹಾಲಿಗೆ ಹಾಕಬೇಡಿ, ಅರ್ಧ ಬಿಟ್ಟರೆ ಔಷಧಿಯೂ ಅರ್ಧ ಹೋಯ್ತು ಅಂದಿರಿ.

ಕಾಗದದ ಮೇಲೆ ರಕ್ತ ಒಣಗಿಸಿ ಪರೀಕ್ಷಿಸುವ ಈ ಉಪಾಯವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ರಾಬರ್ಟ್ ಗತ್ರಿ ಎಂದು ಆಮೇಲೆ ಓದಿದೆ. ಅವರ ಹೆಸರು ಗೊತ್ತಾಯಿತು, ನಿಮ್ಮದು ಗೊತ್ತಾಗಲಿಲ್ಲ ನೋಡಿ.

ಮೆದುಳು ಬೆಳೆಯುವ ಆ ವಾರಗಳು ಕೈತಪ್ಪಿದ್ದರೆ ಮತ್ತೆ ಸಿಗುತ್ತಿರಲಿಲ್ಲ. ಈಗ ಅವಳಿಗೆ ಆರು ವರ್ಷ. ದಿನಕ್ಕೊಂದು ಮಾತ್ರೆ, ಆಗಾಗ ರಕ್ತಪರೀಕ್ಷೆ, ಮಿಕ್ಕ ಹೊತ್ತೆಲ್ಲಾ ಮಾತೇ ಮಾತು.

ಅವತ್ತು ಸಿಡುಕಿದ್ದಕ್ಕೆ ಕ್ಷಮಿಸಿ ಸಿಸ್ಟರ್. ತುಂಬಾ ಥ್ಯಾಂಕ್ಸ್.