ಒಂದೇ ಅಂಕಿಯ ಅಂತರ: ಮಗಳಿಗೊಂದು ಪತ್ರ

ಶಿವಮೊಗ್ಗ
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟೀ,

ನೀನೇ ಜೋಡಿಸಲು ಹೊರಟಿರುವ ಕಂಪ್ಯೂಟರಿನ ಭಾಗಗಳ ಪಟ್ಟಿ ತಲುಪಿತು. ಅಂಗಡಿ ಬಾಗಿಲು ಹಾಕಿ ಬಂದು, ಊಟ ಮುಗಿಸಿ, ಅದನ್ನು ಮೊಬೈಲಿನಿಂದ ಕಾಗದಕ್ಕೆ ಇಳಿಸಿಕೊಂಡು ಒಂದೊಂದೇ ಸಾಲು ಓದಿದೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಭಾಗಗಳನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವಾಗ ಈ ಹಾಳೆಗಳು ನಿನ್ನ ಚೀಲದಲ್ಲಿರಲಿ.

ಮೊದಲು ಸಂತೋಷದ ಮಾತು. ರೈಜೆನ್ 7 7700 ಪ್ರೊಸೆಸರ್ ಆರಿಸಿಕೊಂಡಿದ್ದೀಯಲ್ಲ, ಒಳ್ಳೆಯದು. ಎಂಟು ಕೋರ್, 65 ವ್ಯಾಟ್ ದರ್ಜೆ, ಬೆಂಗಳೂರಿನ ಬೇಸಿಗೆಗೂ ತಡೆದುಕೊಳ್ಳುತ್ತದೆ. ಬ್ಲೆಂಡರ್ ತಂತ್ರಾಂಶದಲ್ಲಿ ನೀನು ಮಾಡುವ 3ಡಿ ಚಿತ್ರಗಳ ಕೆಲಸಕ್ಕೆ ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡ್ ಕೂಡ ಸರಿಯಾದದ್ದೇ. ಆದರೆ ಇದೇ ಹೆಸರಿನಲ್ಲಿ 8 ಜಿಬಿ ಮೆಮೊರಿಯ ಕಾರ್ಡೂ ಇದೆ, 16 ಜಿಬಿ ಕಾರ್ಡೂ ಇದೆ. ಪೆಟ್ಟಿಗೆಗಳು ನೋಡಲು ಅಕ್ಕತಂಗಿಯರಂತಿರುತ್ತವೆ. ಕಟ್ಟಡದ ಒಳಾಂಗಣವನ್ನು ಮರದ ಎಲೆಎಲೆಯ ಸಮೇತ ರೆಂಡರ್ ಮಾಡುವವಳಿಗೆ 8 ಜಿಬಿ ಬಲು ಬೇಗ ಇಕ್ಕಟ್ಟಾಗುತ್ತದೆ. ದುಡ್ಡು ಉಳಿಸಬೇಕಾದರೆ ಬೇರೆ ಕಡೆ ಉಳಿಸು, ಇಲ್ಲಿ ಬೇಡ.

ಈಗ ತೊಡಕಿನ ವಿಷಯ. ಪ್ರೊಸೆಸರಿನ ಕೆಳಗಿನ ಸಾಲಿನಲ್ಲಿ ‘ಬಿ550 ಮದರ್‌ಬೋರ್ಡ್’ ಎಂದು ಬರೆದಿದ್ದೀಯ. ಅದರ ಕೆಳಗೆ ‘ಡಿಡಿಆರ್4 ರ್‍ಯಾಮ್’. ಆ ಬೋರ್ಡಿಗೆ ಆ ರ್‍ಯಾಮ್ ಹೊಂದುತ್ತದೆ. ಆದರೆ ಅವೆರಡೂ ಮೇಲಿನ ಪ್ರೊಸೆಸರಿಗೆ ಹೊಂದುವುದಿಲ್ಲ. ಬಿ550 ಎನ್ನುವುದು, ರೈಜೆನ್ ತಯಾರಿಸುವ ಎಎಂಡಿ ಕಂಪನಿಯ ಹಳೆಯ ಎಎಂ4 ಸಾಕೆಟ್ಟಿನ, ಅಂದರೆ ಪ್ರೊಸೆಸರ್ ಕೂರುವ ಗೂಡಿನ, ಬೋರ್ಡು. ಆ ಕಾಲದ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳಿದ್ದವು, ಸಾಕೆಟ್ಟಿನಲ್ಲಿ ತೂತುಗಳು. ನಿನ್ನ 7700 ಬಂದಿರುವುದು ಎಎಂ5 ಸಾಕೆಟ್ಟಿಗೆ. 2022ರಿಂದ ಈಚೆಗಿನ ಈ ಸಾಕೆಟ್ಟಿನಲ್ಲಿ 1718 ಪಿನ್ನುಗಳು ಬೋರ್ಡಿನ ಮೇಲೆಯೇ ಇರುತ್ತವೆ, ಪ್ರೊಸೆಸರಿನ ಅಡಿ ಚಪ್ಪಟೆ. ನಿನಗೆ ಬೇಕಾದದ್ದು ಬಿ650. ಐದರ ಜಾಗದಲ್ಲಿ ಆರು, ಅಷ್ಟೇ ಅಂತರ. ಆ ಒಂದು ಅಂಕಿಗೆ ಮೂರು ಭಾಗಗಳನ್ನು ಹೊತ್ತುಕೊಂಡು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ನೀನು ಪ್ರತಿಯೊಂದು ಭಾಗವನ್ನೂ ಅದರದರ ಗುಣ ನೋಡಿ ಆರಿಸಿದ್ದೀಯ. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯದೇ. ಕಂಪ್ಯೂಟರ್ ಜೋಡಿಸುವಾಗ ನೋಡಬೇಕಾದದ್ದು ಭಾಗ ಮತ್ತು ಅದರ ಪಕ್ಕದ ಭಾಗ ಸೇರುವ ಜಾಗವನ್ನು. ಪ್ರೊಸೆಸರ್ ಸಾಕೆಟ್ಟನ್ನು ಮುಟ್ಟುವ ಜಾಗ, ರ್‍ಯಾಮ್ ಸ್ಲಾಟನ್ನು ಮುಟ್ಟುವ ಜಾಗ, ಕಾರ್ಡು ಕ್ಯಾಬಿನೆಟ್ಟಿನ ತಗಡನ್ನು ಮುಟ್ಟುವ ಜಾಗ. ಇಪ್ಪತ್ತು ವರ್ಷದಿಂದ ಡಿಟಿಪಿ ಅಂಗಡಿಯಲ್ಲಿ ಈ ಯಂತ್ರಗಳ ಹೊಟ್ಟೆ ಬಗೆದು ನೋಡಿದ್ದೇನೆ. ಕೆಟ್ಟ ಭಾಗದಿಂದ ಆದ ತೊಂದರೆಗಿಂತ ಒಳ್ಳೆಯ ಭಾಗಗಳ ನಡುವಿನ ಸಂದಿಯಲ್ಲಿ ಆದ ತೊಂದರೆಯೇ ಹೆಚ್ಚು.

ಹಾಗೆಂದು ಸಾಕೆಟ್ ಒಂದೇ ಆದರೆ ಸಾಕು ಎಂದೂ ತಿಳಿಯಬೇಡ. ಇಂಟೆಲ್‌ನ 6ರಿಂದ 9ನೇ ತಲೆಮಾರಿನವರೆಗಿನ ಪ್ರೊಸೆಸರುಗಳಿಗೆಲ್ಲ 1151 ಎಂಬ ಒಂದೇ ಹೆಸರಿನ ಸಾಕೆಟ್. 8ನೇ ತಲೆಮಾರಿನದನ್ನು 7ನೆಯದರ ಬೋರ್ಡಿನಲ್ಲಿಟ್ಟರೆ ಅಂದವಾಗಿ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ. ಆದ್ದರಿಂದ ಬೋರ್ಡಿನ ಪೂರ್ತಿ ಹೆಸರನ್ನು, ಕೊನೆಯ ಅಕ್ಷರವನ್ನೂ ಬಿಡದೆ, ಅದರ ಕಂಪನಿಯ ಜಾಲತಾಣದಲ್ಲಿ ಹುಡುಕು. ಯಾವ ಪ್ರೊಸೆಸರ್ ಯಾವ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿಯಿಂದ ನಡೆಯುತ್ತದೆ ಎಂಬ ಪಟ್ಟಿ ಅಲ್ಲಿರುತ್ತದೆ. 7700ಕ್ಕೆ ಬಿ650ಯಲ್ಲಿ ಚಿಂತೆ ಇಲ್ಲ. ಅಂಗಡಿಯವರು 9000 ಸರಣಿಯದನ್ನು ತೋರಿಸಿದರೆ ಮಾತ್ರ, ಬೋರ್ಡಿನ ಬಯಾಸ್ ಹೊಸದಾಗಿದೆಯೇ ಎಂದು ಕೇಳಿಯೇ ದುಡ್ಡು ಕೊಡು.

ರ್‍ಯಾಮ್ ಡಿಡಿಆರ್5 ಆಗಬೇಕು, ಎಎಂ5ಕ್ಕೆ ಬೇರೆ ದಾರಿಯೇ ಇಲ್ಲ. ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್ನುಗಳೇ, ಉದ್ದವೂ ಒಂದೇ, ಆದರೆ ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಒತ್ತಿದರೂ ಕೂರದಿದ್ದರೆ ಮತ್ತೆ ಒತ್ತಬೇಡ, ತಿರುಗಿಸಿ ಕಚ್ಚು ನೋಡು. 16 ಜಿಬಿಯ ಎರಡು ಪಟ್ಟಿಗಳು ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬರುವುದನ್ನು ಕೊಳ್ಳು. ಈಗೊಂದು ಕೊಂಡು ಮುಂದೆ ಇನ್ನೊಂದು ಸೇರಿಸುವ ಯೋಚನೆ ಬೇಡ. ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕು. ಪೆಟ್ಟಿಗೆಯ ಮೇಲೆ 6000 ಎಂದಿದ್ದರೂ ಅದು ತಾನಾಗಿಯೇ ಆ ವೇಗಕ್ಕೆ ಏರುವುದಿಲ್ಲ. ಬಯಾಸಿಗೆ ಹೋಗಿ ಎಕ್ಸ್‌ಪೋ ಎಂಬುದನ್ನು ಆನ್ ಮಾಡಬೇಕು. ಎಷ್ಟೋ ಜನ ಅದನ್ನು ಮಾಡದೆ ವರ್ಷಗಟ್ಟಲೆ ಕಡಿಮೆ ವೇಗದಲ್ಲೇ ಓಡಿಸುತ್ತಾರೆ.

ನಿನ್ನ ಪಟ್ಟಿಯ ಗೋಪುರದಂಥ ಕೂಲರನ್ನು ಹೊಡೆದುಹಾಕಿದ್ದೇನೆ. 7700ರ ಪೆಟ್ಟಿಗೆಯಲ್ಲಿಯೇ ಎಎಂಡಿಯ ಕೂಲರ್ ಬರುತ್ತದೆ, ಅದು ಸಾಕು. ನೀನು ಇಷ್ಟಪಟ್ಟಿರುವ ಆ ಪುಟ್ಟ ಕ್ಯಾಬಿನೆಟ್ಟಿನಲ್ಲಿ ಆ ಗೋಪುರ ನಿಲ್ಲಿಸಿದರೆ ಪಕ್ಕದ ಗಾಜು ಮುಚ್ಚುವುದೂ ಅನುಮಾನ. ಈ ಪತ್ರದ ಜೊತೆ ಕಳಿಸುತ್ತಿರುವ ಪಾರ್ಸೆಲ್‌ನಲ್ಲಿ ಮದುವೆ ಕಾರ್ಡಿನ ದಪ್ಪ ಹಾಳೆಯ ಎರಡು ತುಂಡುಗಳಿವೆ, ಎಸೆಯಬೇಡ. ಚೌಕದ್ದು 24.4 ಸೆಂ.ಮೀ., ಅದು ಮೈಕ್ರೋ ಎಟಿಎಕ್ಸ್ ಬೋರ್ಡಿನ ಅಳತೆ. ಉದ್ದದ ಪಟ್ಟಿ 30 ಸೆಂ.ಮೀ., ಅದು ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡಿಗೆ. ಅಂಗಡಿಯಲ್ಲಿ ಕ್ಯಾಬಿನೆಟ್ಟಿನ ಬಾಗಿಲು ತೆಗೆಸಿ, ಎರಡನ್ನೂ ಒಳಗಿಟ್ಟು ನೋಡು. ಮುಂಭಾಗದ ಫ್ಯಾನ್ 2.5 ಸೆಂ.ಮೀ. ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ. ಪಟ್ಟಿ ತಗಡಿಗೆ ತಾಗಿದರೆ ಎರಡು ಫ್ಯಾನಿನ ಗಿಡ್ಡ ಕಾರ್ಡ್ ಕೇಳು, ಚಿಪ್ ಅದೇ. ಯಾರಾದರೂ ವಿಚಿತ್ರವಾಗಿ ನೋಡಿದರೆ ನೋಡಲಿ.

ಕಡತಗಳನ್ನಿಡುವ 1 ಟಿಬಿಯ ಎನ್‌ವಿಎಂಇ ಡ್ರೈವ್ ಸರಿಯಾಗಿದೆ, ಅದರ ಬಗ್ಗೆ ಹೇಳುವುದೇನಿಲ್ಲ.

ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆಲ್ಲ ಕರೆಂಟ್ ಹಂಚುವ ಡಬ್ಬಿಯ ವಿಷಯಕ್ಕೆ ಬಂದೆ. ನೀನು ಇದನ್ನು ಪಟ್ಟಿಯ ಕೊನೆಗೆ, ಬರೀ ‘450 ವ್ಯಾಟ್, ಯಾವುದಾದರೂ’ ಎಂದು ಬರೆದಿದ್ದೀಯ. ಆ ‘ಯಾವುದಾದರೂ’ ಓದಿ ನನಗೆ ಎದೆ ಝಲ್ಲೆಂದಿತು. ಕಾರ್ಡಿಗೆ 180 ವ್ಯಾಟ್, ಪ್ರೊಸೆಸರಿಗೆ ಭಾರದ ಹೊತ್ತಿನಲ್ಲಿ 90ರ ಹತ್ತಿರ, ಉಳಿದದ್ದಕ್ಕೆಲ್ಲ 60 ಎಂದಿಟ್ಟುಕೋ. 330 ಆಯಿತು. ಕಾರ್ಡು ಕ್ಷಣಮಾತ್ರ ಎಳೆಯುವ ಹೆಚ್ಚಿನ ಕರೆಂಟಿಗೂ ಜಾಗ ಬೇಕು. 650 ವ್ಯಾಟಿನದು, ಕರೆಂಟ್ ಪೋಲು ಕಡಿಮೆ ಎಂದು ಸೂಚಿಸುವ 80 ಪ್ಲಸ್ ಬ್ರಾಂಜ್ ಅಥವಾ ಅದಕ್ಕಿಂತ ಮೇಲಿನ ಗುರುತಿರುವುದು, ಹೆಸರುಳ್ಳ ಕಂಪನಿಯದು, ಐದು ವರ್ಷದ ವಾರಂಟಿಯದು ಬೇಕು. ಇದು ಉಳಿದೆಲ್ಲ ಭಾಗಗಳಿಗೂ ಅನ್ನ ಬಡಿಸುವ ಕೈ, ಪುಟ್ಟೀ.

ನಿನಗೆ ಹೇಳದ ಒಂದು ಸಂಗತಿ ಇದೆ. ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಂಗಡಿಯ ಮೊದಲ ಯಂತ್ರದ ಎಸ್‌ಎಂಪಿಎಸ್ ಸತ್ತಿತು. ಕೇಬಲ್ ಬಿಚ್ಚಿ ಹಾಕಬಹುದಾದ ಮಾದರಿಯದು. ಬೇರೊಂದು ಕಂಪನಿಯ ಹೊಸದನ್ನು ತಂದೆ. ಹಾರ್ಡ್ ಡಿಸ್ಕಿಗೆ ಹೋಗುವ ಹಳೆಯ ಕೇಬಲ್ ಕ್ಯಾಬಿನೆಟ್ಟಿನ ಹಿಂದೆ ಚೆನ್ನಾಗಿ ಕಟ್ಟಿಕೊಂಡಿತ್ತು. ಯಾಕೆ ಬಿಚ್ಚಬೇಕೆಂದು ಅದರ ತುದಿಯನ್ನು ಹೊಸ ಡಬ್ಬಿಗೆ ಚುಚ್ಚಿದೆ. ಟಕ್ಕೆಂದು ಕೂತಿತು. ಸ್ವಿಚ್ ಹಾಕಿದೆ. ಒಂದು ಸಣ್ಣ ಚಟ್ ಎಂಬ ಸದ್ದು, ಸುಟ್ಟ ಅರಗಿನಂಥ ವಾಸನೆ. ಡಿಸ್ಕ್ ಮತ್ತೆ ತಿರುಗಲಿಲ್ಲ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ. ಡಬ್ಬಿಯ ಕಡೆಯ ತುದಿಯಲ್ಲಿ ಯಾವ ತೂತಿನಿಂದ 12 ವೋಲ್ಟ್, ಯಾವುದರಿಂದ 5 ವೋಲ್ಟ್ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ಹರಿಯಿತು. ಆ ಡಿಸ್ಕಿನಲ್ಲಿ ಎಂಟು ವರ್ಷದ ಆಮಂತ್ರಣಗಳು, ಒಂದು ಶಾಲೆಯ ಸ್ಮರಣ ಸಂಚಿಕೆ, ನಿನ್ನ ಅಜ್ಜ ಹೇಳಿ ಬರೆಸಿದ ಊರಿನ ನೆನಪುಗಳು ಎಲ್ಲ ಇದ್ದವು. ಸ್ಮರಣ ಸಂಚಿಕೆಯನ್ನು ನಾಲ್ಕು ರಾತ್ರಿ ಕೂತು ‘ನುಡಿ’ ತಂತ್ರಾಂಶದಲ್ಲಿ ಮತ್ತೆ ಟೈಪು ಮಾಡಿದೆ. ಅಜ್ಜನ ಮಾತುಗಳನ್ನು ಮತ್ತೆ ಹೇಳಿಸಿಕೊಳ್ಳಲು ಅಜ್ಜ ಇರಲಿಲ್ಲ.

ಅದಕ್ಕೇ ಬೇಡಿಕೊಳ್ಳುತ್ತೇನೆ: ಎಸ್‌ಎಂಪಿಎಸ್ ಜೊತೆಗೆ ಬಂದ ಕೇಬಲನ್ನೇ ಬಳಸು. ಗೆಳತಿ ಕೊಟ್ಟ ಕೇಬಲ್ ಬೇಡ, ಬಣ್ಣ ಚೆನ್ನಾಗಿದೆಯೆಂದು ಬೇರೆ ಕೊಳ್ಳುವುದೂ ಬೇಡ. ಇನ್ನೊಂದು ಡಿಸ್ಕಿನಲ್ಲಿ ನಿನ್ನ ಕೆಲಸದ ನಕಲಿರಲಿ.

ನಿನ್ನ ಪಿ.ಜಿ. ಕೋಣೆಯ ಗೋಡೆಯ ಪ್ಲಗ್ಗಿನಲ್ಲಿ ಮೇಲಿನ ದೊಡ್ಡ ತೂತಿಗೆ ನಿಜಕ್ಕೂ ಅರ್ಥ್ ತಂತಿ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸು. ಹಳೆಯ ಕಟ್ಟಡಗಳಲ್ಲಿ ಅದು ಬರೀ ತೂತು. ಆಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸೋರಿಬಿಡುವ ಅಲ್ಪ ಕರೆಂಟಿಗೆ ಹೋಗಲು ದಾರಿಯಿಲ್ಲದೆ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಯುಪಿಎಸ್ಸೂ ಬೇಕು. ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವ 600 ವಿಎ ಡಬ್ಬಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ರೆಂಡರ್ ನಡೆಯುತ್ತಿರುವಾಗ ಕರೆಂಟ್ ಹೋದರೆ, ಮಾನಿಟರನ್ನೂ ಸೇರಿಸಿ, ಅದು ಏದುಸಿರು ಬಿಡುತ್ತದೆ. 1000 ವಿಎ ನೋಡು. ಇದರ ದುಡ್ಡು ನಾನು ಕಳಿಸುತ್ತೇನೆ, ನಿನ್ನ ಲೆಕ್ಕಕ್ಕೆ ಸೇರಿಸಬೇಡ.

ಜೋಡಿಸುವುದು ನೀನೇ ಮಾಡು. ಬೋರ್ಡಿನ ಸಾಕೆಟ್ಟಿನ ಪಿನ್ನುಗಳಿಗೆ ಬೆರಳು ಸೋಕಿಸಬೇಡ, ಒಂದು ಬಾಗಿದರೂ ವಾರಂಟಿ ಸಿಗುವುದು ಕಷ್ಟ. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಎತ್ತಿಡು. ಬೋರ್ಡಿನಡಿಯ ಹಿತ್ತಾಳೆ ಗುಬ್ಬಿಗಳು ಬೋರ್ಡಿನ ತೂತುಗಳ ನೇರಕ್ಕೆ ಮಾತ್ರ ಇರಲಿ. ಹೆಚ್ಚಿನದೊಂದು ಉಳಿದುಬಿಟ್ಟರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಬೋರ್ಡಿಗಲ್ಲ. ಪಾರ್ಸೆಲ್‌ನಲ್ಲಿ ಕೋಡುಬಳೆ ಡಬ್ಬಿಯ ಪಕ್ಕದಲ್ಲಿ ನನ್ನ ಕೆಂಪು ಹಿಡಿಯ ಸ್ಕ್ರೂಡ್ರೈವರ್ ಇದೆ. ತುದಿಗೆ ಅಯಸ್ಕಾಂತವಿದೆ, ತಿರುಪು ಕೆಳಗೆ ಬೀಳುವುದಿಲ್ಲ. ಅದು ಇನ್ನು ನಿನ್ನದೇ.

ಕೊನೆಗೆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ, ಹೆದರಬಾರದು. ಎಲ್ಲ ಸರಿಯಾಗಿದ್ದರೂ, ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯಾನುಗಳು ತಿರುಗುತ್ತವೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಎಎಂ5 ಬೋರ್ಡು ಹೊಸ ರ್‍ಯಾಮಿನೊಂದಿಗೆ ಪರಿಚಯ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಗಾಬರಿಯಿಂದ ಆಫ್ ಮಾಡಬೇಡ, ಮತ್ತೆ ಬಿಚ್ಚಬೇಡ. ಆ ಹೊತ್ತಿನಲ್ಲಿ ನನಗೆ ಫೋನ್ ಮಾಡು. ಪರದೆ ಬೆಳಗುವವರೆಗೂ ನಾನು ಫೋನ್ ಇಡುವುದಿಲ್ಲ.

ನಿನ್ನ
ಅಮ್ಮ