ವಿಜಿ ಪ್ಲಸ್ ನೋಡಿ ದುಡ್ಡು ಕಳಿಸಬೇಡ

ಚಿಕ್ಕಮಗಳೂರು

ಪ್ರಿಯ ಗೆಳೆಯ,

ನೀನು ಕೊಳ್ಳಬೇಕೆಂದು ಹಾಸನದಿಂದ ಕಳಿಸಿದ ಎಲ್‌ಪಿ (ಗ್ರಾಮಫೋನ್ ರೆಕಾರ್ಡು) ಪಟ್ಟಿ ನೋಡಿದೆ. ಆಯ್ಕೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಪ್ರತಿ ಸಾಲಿನ ಕೊನೆಗೂ ಮಾರುವವನು ಅಂಟಿಸಿರುವ ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್) ಅನ್ನುವ ದರ್ಜೆಯ ಮೇಲೆ. ಬೇರೆ ಬೇರೆ ಮನೆಗಳಿಂದ ಬಂದ ಹಳೇ ರೆಕಾರ್ಡುಗಳೆಲ್ಲ ಒಂದೇ ದರ್ಜೆಯಲ್ಲಿವೆ ಅಂದರೆ ಅವನು ಒಂದನ್ನೂ ಸರಿಯಾಗಿ ನೋಡಿಲ್ಲ ಮಾರಾಯ.

ಈ ದರ್ಜೆಗಳು ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆ ಬಳಕೆಗೆ ತಂದದ್ದು, ಮೇಲಿನಿಂದ ಕೆಳಕ್ಕೆ: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಗುಡ್ ಪ್ಲಸ್, ಗುಡ್, ಫೇರ್, ಪೂರ್. ರೆಕಾರ್ಡು ಮಾರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲೂ ಇದೇ ಲೆಕ್ಕ. ಬ್ರಿಟನ್ನಿನವರ ಪಟ್ಟಿ ಬೇರೆ, ಅಲ್ಲಿ ಮಿಂಟ್ ಆದಮೇಲೆ ಎಕ್ಸಲೆಂಟ್, ಆಮೇಲೆ ವಿಜಿ. ನಮ್ಮ ಕಡೆ ಮಾರುವವರು ಎರಡನ್ನೂ ಕಲಸಿ, ಮೇಲೊಂದಿಷ್ಟು ‘ಸೂಪರ್ ಕಂಡೀಷನ್’ ಸೇರಿಸುತ್ತಾರೆ. ಗೋಲ್ಡ್‌ಮೈನ್ ಲೆಕ್ಕದಲ್ಲಿ ವಿಜಿ ಪ್ಲಸ್‌ನ ಬೆಲೆ ನಿಯರ್ ಮಿಂಟ್‌ನ ಅರ್ಧ, ವಿಜಿಯದು ಕಾಲು ಭಾಗ. ನಿಯರ್ ಮಿಂಟ್‌ನಲ್ಲಿ 2,000 ರೂಪಾಯಿಯ ರೆಕಾರ್ಡು ಒಂದು ಮೆಟ್ಟಿಲು ಇಳಿದರೆ 1,000, ಇನ್ನೊಂದು ಇಳಿದರೆ 500. ವಿಜಿಯನ್ನು ವಿಜಿ ಪ್ಲಸ್ ಅಂತ ಬರೆದರೆ ನಿನ್ನಿಂದ ದುಪ್ಪಟ್ಟು ಕಿತ್ತಂತೆ. ಬೇಕಂತಲೇ ಮೋಸ ಮಾಡುವವರು ಕಡಿಮೆ. ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ತಿರುಗಿಸಿ ನೋಡಿ ದರ್ಜೆ ಬರೆಯುವವರೇ ಜಾಸ್ತಿ.

ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಕೂದಲೆಳೆಯಂಥ ಗೀರು ಕಾಣುವುದೇ ಇಲ್ಲ. ಬಿಸಿಲಿಗೆ ಹಿಡಿ, ಇಲ್ಲ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಅಂಚಿನಿಂದ ಓರೆಯಾಗಿ ಬಿಟ್ಟು ನಿಧಾನಕ್ಕೆ ತಿರುಗಿಸು. ಸಿಕ್ಕ ಗೀರಿನ ಮೇಲೆ ಉಗುರನ್ನು ಹಗುರಾಗಿ ಆಡಿಸು. ಉಗುರಿಗೆ ತಗುಲಿತೋ, ಸೂಜಿಗೂ ತಗುಲುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಜೇಡರ ಬಲೆಯ ಹಾಗೆ ತೆಳು ಗೆರೆಗಳಿದ್ದರೆ, ಬಹಳ ಸಲ ಪ್ಲೇಯರಿಗೆ ಏರಿ ಇಳಿದ ರೆಕಾರ್ಡು ಅದು. ‘ಒಂದೆರಡು ಸಲ ಕೇಳಿದ್ದಷ್ಟೆ’ ಅಂತ ಯಾರಾದರೂ ಹೇಳಿದರೆ ಮೊದಲು ಅಲ್ಲಿ ನೋಡು. ಹಾಗೇ ಕವರಿನ ನಂಬರೂ ಲೇಬಲ್ ನಂಬರೂ ಒಂದೇನಾ ನೋಡು. ಒಳ್ಳೇ ಕವರಿನೊಳಗೆ ಬೇರೆ ಡಿಸ್ಕ್ ಕೂತಿರುವುದು ಅಪರೂಪವಲ್ಲ. ಮಿರಮಿರ ಮಿಂಚುತ್ತಿದ್ದರೆ ಹಾಡುಗಳು ಮುಗಿದ ಮೇಲಿನ ಖಾಲಿ ಜಾಗವನ್ನು ಬಿಳಿ ಟಿಶ್ಯೂನಲ್ಲಿ ಒರೆಸು. ಜಿಡ್ಡು ಬಂದರೆ ಎಣ್ಣೆಯೋ ಪಾಲಿಷೋ ಹಚ್ಚಿದ್ದಾರೆ, ಅಲ್ಲೇ ಬಿಟ್ಟು ಬಾ.

ಇಷ್ಟಾದರೂ ಕಣ್ಣಿಗೆ ಕಾಣದ್ದೊಂದು ಉಳಿಯುತ್ತದೆ, ಗ್ರೂವ್ (ಸೂಜಿ ಓಡುವ ಸಣ್ಣ ಕಾಲುವೆ) ಸವೆತ. ಹಳೇ ಕಾಲದಲ್ಲಿ ನಮ್ಮ ತೋಟದ ಮನೆಗಳಲ್ಲಿ, ಪೇಟೆ ಮನೆಗಳಲ್ಲಿ ಇದ್ದದ್ದು ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರು, ಇಲ್ಲವೇ ರೇಡಿಯೋಗ್ರಾಂ. ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಡಬ್ಬಿ), ನೀಲಮಣಿ ತುದಿಯ ಸೂಜಿ, ರೆಕಾರ್ಡಿನ ಮೇಲೆ ಐದಾರು ಗ್ರಾಂ ಭಾರ. ನೀಲಮಣಿ ತುದಿ ಹತ್ತಾರು ಗಂಟೆ ಹಾಡಿಸುವಷ್ಟರಲ್ಲೇ ಸವೆದು ಚಪ್ಪಟೆಯಾಗುತ್ತದೆ. ಹಾಡು ಬರುತ್ತಿರುವ ತನಕ ಸೂಜಿ ಬದಲಿಸಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಆ ಚಪ್ಪಟೆ ತುದಿಯ ಅಂಚು ಗ್ರೂವಿನ ಗೋಡೆಗಳನ್ನು ಉಳಿಯ ಹಾಗೆ ಕೆತ್ತುತ್ತಾ ಹೋಗುತ್ತದೆ. ಮೊದಲು ಕೆಡುವುದು ಸಣ್ಣ ಅಲೆಗಳಲ್ಲಿರುವ ಎತ್ತರದ ದನಿ: ಸಕಾರ ಶಕಾರ ಉಗುಳಿದ ಹಾಗೆ ಕೇಳುತ್ತದೆ, ತಾಳದ ಕಿಣಿಕಿಣಿ ಸರಸರ ಆಗುತ್ತದೆ. ಮೇಲ್ಮೈಯಲ್ಲಿ ಮಾತ್ರ ಒಂದು ಗೀರೂ ಇರುವುದಿಲ್ಲ! ತುಂಬಾ ಸವೆದಿದ್ದರೆ ಕಪ್ಪು ಹೋಗಿ ಬೂದು ಛಾಯೆ ಬರುತ್ತದೆ. ಅಷ್ಟು ಸವೆಯದಿದ್ದರೆ ಕೇಳಿಯೇ ಗೊತ್ತಾಗಬೇಕು.

ಎಲ್ಲಿ ಕೇಳಬೇಕು ಅನ್ನುವುದೂ ಮುಖ್ಯ. 12 ಇಂಚಿನ ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಸರಿಯುತ್ತದೆ. ಲೇಬಲ್ ಹತ್ತಿರ ಬರುವಾಗ ಅದು 21ರ ಆಸುಪಾಸು. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಿಕೊಂಡಿರುವುದರಿಂದ ಸವೆತ ಮೊದಲು ಕಿವಿಗೆ ಬೀಳುವುದು ಪ್ರತಿ ಬದಿಯ ಕೊನೇ ಹಾಡಿನಲ್ಲಿ. ಮಾರುವವರು ವಿಡಿಯೋ ಕಳಿಸುವುದು ಯಾವಾಗಲೂ ಮೊದಲ ಹಾಡಿನದು. ಎರಡೂ ಬದಿಯ ಕೊನೇ ಎರಡು ನಿಮಿಷ ಕಳಿಸಿ ಅಂತ ಕೇಳು.

ಅಂಗಡಿಯಲ್ಲಿ ಹಾಕಿ ಕೇಳಿದೆ, ಸೂಜಿ ಜಂಪ್ ಆಗಲಿಲ್ಲ, ಇನ್ನೇನು ಅಂತೀಯ. ಅಲ್ಲೂ ಒಂದು ತೊಡಕಿದೆ. ಅಂಗಡಿಯವರ ಸೂಟ್‌ಕೇಸ್ ಪ್ಲೇಯರಿನ ತೋಳು ಐದು ಗ್ರಾಂ ಭಾರ ಹಾಕಿ ಗೀರಿನ ಮೇಲೆ ಉತ್ತುಕೊಂಡು ಹೋಗುತ್ತದೆ. ನಿನ್ನ ಮನೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೂರುವುದು ಒಂದೂವರೆಯಿಂದ ಎರಡು ಗ್ರಾಂನಲ್ಲಿ, ಅದೇ ಗೀರು ಅದನ್ನು ಪಕ್ಕಕ್ಕೆ ಎಸೆಯುತ್ತದೆ. ಅವರ ಎರಡಿಂಚಿನ ಸ್ಪೀಕರು ಕರ್ಕಶವನ್ನೂ ಅಷ್ಟಾಗಿ ತೋರಿಸುವುದಿಲ್ಲ. ‘ಟೆಸ್ಟೆಡ್’ ಅಂತ ಬರೆದಿದ್ದರೆ ಯಾವ ಪ್ಲೇಯರಿನಲ್ಲಿ ಅಂತ ಕೇಳದೆ ಬಿಡಬೇಡ.

ಗೀರಿದ್ದ ಮಾತ್ರಕ್ಕೆ ಬಿಡಬೇಕು ಅಂತಲೂ ಅಲ್ಲ, ಲೆಕ್ಕ ಹಾಕು. ರೆಕಾರ್ಡು ಒಂದು ಸುತ್ತು ಬರಲು 1.8 ಸೆಕೆಂಡು. 20 ನಿಮಿಷದ ಒಂದು ಬದಿಗೆ ಸುಮಾರು 667 ಸುತ್ತು, ಅದು ಎಂಟು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲದಲ್ಲಿ ಹರಡಿರುತ್ತದೆ. ಅಂಚಿನಿಂದ ನಡುವಿನ ಕಡೆಗೆ ಒಂದು ಸೆಂಟಿಮೀಟರ್ ಉದ್ದದ ಗೀರು ಅಂದರೆ ಹತ್ತಿರ ಹತ್ತಿರ 80 ‘ಟಿಕ್’, ಎರಡು ನಿಮಿಷಕ್ಕೂ ಮೇಲೆ. ತಮಟೆ, ಪಿಟೀಲು, ಕೋರಸ್ ತುಂಬಿದ ಸಿನಿಮಾ ಹಾಡಿನಲ್ಲಿ ಅದು ಮುಚ್ಚಿಹೋಗಬಹುದು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯಲ್ಲಿ, ಬರೀ ತಂಬೂರಿಯ ಮೇಲೆ ಆಲಾಪ ಎದ್ದೇಳುವ ಹೊತ್ತಿನಲ್ಲಿ, 80 ಟಿಕ್ ತಡೆಯಲಾಗದು. ಒಂದೇ ಗೀರು, ಒಂದೇ ದರ್ಜೆ, ಆದರೆ ಕೇಳುವುದಕ್ಕೆ ಅಜಗಜಾಂತರ. ಹಾಗಾಗಿ ನಿನ್ನ ಪಟ್ಟಿಯ ಸಿನಿಮಾ ಎಲ್‌ಪಿಗಳಿಗೆ ವಿಜಿ ಆದರೂ ಸಾಕು, ಹಿಂದೂಸ್ತಾನಿ ಮೂರಕ್ಕೆ ಪಟ್ಟು ಹಿಡಿ. ತೂತು ನಡುವಿನಿಂದ ಸರಿದಿದ್ದರೆ ತಂಬೂರಿ ಶ್ರುತಿ 1.8 ಸೆಕೆಂಡಿಗೊಮ್ಮೆ ಓಲಾಡುತ್ತದೆ, ಇದನ್ನು ಯಾವ ದರ್ಜೆಯೂ ಹೇಳುವುದಿಲ್ಲ. ತೋಳು ಎಡಕ್ಕೂ ಬಲಕ್ಕೂ ತೂಗುತ್ತಿದೆಯಾ ಅಂತ ವಿಡಿಯೋದಲ್ಲಿ ನೋಡು.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಬರುವ ರೆಕಾರ್ಡುಗಳಿಗೆ ಬೇರೆಯದೇ ರೋಗ. ಮಳೆಗಾಲದ ತೇವಕ್ಕೆ ಕಾಗದದ ಒಳಕವರಿಗೆ ಬೂಷ್ಟು ಹಿಡಿದು ಡಿಸ್ಕಿಗೂ ದಾಟಿರುತ್ತದೆ. ನೋಡಲು ಗುಡ್‌ಗಿಂತ ಕಡೆ, ಆದರೆ ಗೀರಿಲ್ಲದಿದ್ದರೆ ತೊಳೆದ ಮೇಲೆ ಚೆನ್ನಾಗಿಯೇ ಹಾಡಬಹುದು. ಮಾರುವವರು ಅವನ್ನು ಕಡಿಮೆಗೆ ಕೊಡುತ್ತಾರೆ, ದರ್ಜೆ ತಪ್ಪಿದ್ದರಿಂದ ನಮಗೆ ಲಾಭವಾಗುವುದು ಇದೊಂದರಲ್ಲೇ. ಆದರೆ ಅಟ್ಟದ ಮೇಲೆ ಮಲಗಿಸಿ ಪೇರಿಸಿದ್ದಾಗಿದ್ದರೆ ಮೊದಲು ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯಾ ನೋಡು. ಸೊಟ್ಟಗಾದದ್ದನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಬೂಷ್ಟಿನದನ್ನು ಮನೆಯ ಹೊರಗೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ಒಣಗಿದ್ದಾಗಲೇ ಝಾಡಿಸು. ಒಳಕವರನ್ನು ಅಲ್ಲೇ ಸುಡು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ (ಸೀಲ್ ಇರುವ ಕ್ಯಾನು ತಗೋ, ಆಸಿಡ್ ಅಲ್ಲ) ಒಂದು ಲೀಟರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಗ್ರೂವ್ ಸುತ್ತುವ ದಿಕ್ಕಿನಲ್ಲೇ ಉಜ್ಜು, ಲೇಬಲ್ ಒದ್ದೆ ಮಾಡಬೇಡ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸು. ಜೊತೆಗೆ ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ರೆಕಾರ್ಡುಗಳು ಸಿಕ್ಕಿದ್ದರೆ ಅವಕ್ಕೆ ಈ ನೀರು ತಾಕಿಸಲೇಬೇಡ, ಆಲ್ಕೊಹಾಲಿಗೆ ಅರಗು ಕರಗುತ್ತದೆ.

ಈಗ ಮಾರುವವನಿಗೆ ದರ್ಜೆ ಕೇಳಬೇಡ. ಟಾರ್ಚ್ ಬೆಳಕಿನಲ್ಲಿ ಎರಡೂ ಬದಿಯ ಫೋಟೋ, ಕೊನೇ ಹಾಡುಗಳ ವಿಡಿಯೋ, ಯಾವ ಪ್ಲೇಯರು, ಉಗುರಿಗೆ ತಗುಲುವ ಗೀರು ಎಷ್ಟು, ಜಂಪ್ ಆದರೆ ವಾಪಸ್ ತಗೋತೀಯಾ, ಇಷ್ಟು ಕೇಳು. ಕಿರಿಕಿರಿ ಮಾಡಿಕೊಂಡರೆ ಬಿಟ್ಟುಬಿಡು. ಉತ್ತರ ಕೊಟ್ಟರೂ ಅವನು ಬರೆದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬೆಲೆಗೇ ಚೌಕಾಸಿ ಶುರು ಮಾಡು. ಪಾರ್ಸೆಲ್ ಮಾಡುವಾಗ ಡಿಸ್ಕನ್ನು ಕವರಿನಿಂದ ಹೊರಗೆ ತೆಗೆದು, ಒಳಕವರಿನ ಸಮೇತ ಪಕ್ಕದಲ್ಲಿ ಇಟ್ಟು ಕಳಿಸಲು ಹೇಳು, ಇಲ್ಲದಿದ್ದರೆ ದಾರಿಯಲ್ಲಿ ಡಿಸ್ಕು ಒದ್ದು ಕವರಿನ ಅಂಚು ಸೀಳುತ್ತದೆ. ಫೋಟೋ ಬಂದ ತಕ್ಷಣ ನನಗೂ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ